ಶವ ಎತ್ತಿದ ಮೇಲೆ ಮಣ್ಣನ್ನೂ ಎತ್ತಿ

ಫೊರೆನ್ಸಿಕ್ ಲ್ಯಾಬ್‌ಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇದನ್ನೇ: ಶವ ಶವಾಗಾರಕ್ಕೆ ಹೋದ ಕೂಡಲೇ ಸ್ಥಳ ಬಿಟ್ಟು ಬರಬೇಡಿ. ಮಹಜರು ಮುಗಿದಿರಬಹುದು, ಮಣ್ಣಿನ ಕೆಲಸ ಅಲ್ಲಿಂದಲೇ ಶುರು.

ನಮ್ಮ ದೇಹದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಕೊಳೆಯುವಾಗ ಅದು ಪ್ರೋಟೀನ್, ಕೊಬ್ಬು ಒಡೆದು ಬಂದ ಅಂಶಗಳನ್ನೆಲ್ಲ ಹೊತ್ತು ಕೆಳಗಿಳಿಯುತ್ತದೆ. ಮಣ್ಣು ಕಪ್ಪಾಗಿ, ಜಿಡ್ಡಾಗುತ್ತದೆ. ಅಮೋನಿಯಾ ಸೇರಿ ಸಾಮಾನ್ಯವಾಗಿ ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಎಂದು ತೋರಿಸುವ ಅಳತೆ) ಕ್ಷಾರದ ಕಡೆಗೆ ಏರುತ್ತದೆ, ಲವಣಗಳೂ ಹೆಚ್ಚುತ್ತವೆ. ಅಲ್ಲಿದ್ದ ಹುಲ್ಲು ಸಾಯುತ್ತದೆ. ಒಂದೇ ಕಡೆ ಯೂರಿಯಾ ಸುರಿದರೆ ಪೈರು ಸುಟ್ಟುಹೋಗುತ್ತದಲ್ಲ, ಹಾಗೆ. ಕಾಲ ಕಳೆದ ಮೇಲೆ ಅದೇ ಜಾಗದಲ್ಲಿ ಸುತ್ತಮುತ್ತಲಿಗಿಂತ ದಟ್ಟವಾಗಿ ಹಸಿರು ಬರಬಹುದು.

ಇದರಿಂದ ತನಿಖೆಗೆ ಏನು ಲಾಭ? ತುಂಬಾ ಇದೆ. ಶವ ಪೂರ್ತಿ ಕೊಳೆತಿದೆ, ಆದರೆ ಕೆಳಗಿನ ಮಣ್ಣು ಶುದ್ಧವಾಗಿದೆ ಅಂದರೆ ಅದನ್ನು ಬೇರೆಲ್ಲಿಂದಲೋ ತಂದು ಹಾಕಿರುವ ಸಾಧ್ಯತೆ ಹೆಚ್ಚು. ಶವ ಸಾಗಿಸಿದರೂ ಮೊದಲಿದ್ದ ಜಾಗದ ಮಣ್ಣಿನಲ್ಲಿ ಗುರುತು ಉಳಿದಿರುತ್ತದೆ. ನೊಣದ ಹುಳುಗಳು ದೇಹ ಬಿಟ್ಟು ಮಣ್ಣಿಗಿಳಿದು ಕೋಶ ಕಟ್ಟುತ್ತವೆ. ಆ ಕೋಶಗಳೂ ಸಾವಿನ ಕಾಲದ ಬಗ್ಗೆ ಹೇಳುತ್ತವೆ. ಮೇಲಿನ ಮಣ್ಣು ಕೆರೆದು ತೆಗೆಯದಿದ್ದರೆ ಅವು ಸಿಗುವುದೇ ಇಲ್ಲ.

ಅಮೆರಿಕದ ಟೆನ್ನೆಸ್ಸಿಯಲ್ಲಿ ಮಾನವಶಾಸ್ತ್ರಜ್ಞ ವಿಲಿಯಂ ಬ್ಯಾಸ್ ಶುರು ಮಾಡಿದ ಸಂಶೋಧನಾ ಜಾಗದಲ್ಲಿ ಶವಗಳನ್ನು ಬಯಲಲ್ಲಿಟ್ಟು ಅಧ್ಯಯನ ಮಾಡುತ್ತಾರೆ. ಅಲ್ಲಿನ ಸಂಶೋಧಕ ಅರ್ಪದ್ ವಾಸ್ ಮತ್ತು ಅವರ ಜೊತೆಗಾರರು 1992ರಲ್ಲಿ, ಶವದ ಕೆಳಗಿನ ಮಣ್ಣಿನಲ್ಲಿರುವ ಕೊಬ್ಬಿನಾಮ್ಲಗಳನ್ನು ಅಳೆದು ಸಾವಿನ ಕಾಲ ಅಂದಾಜು ಮಾಡುವ ದಾರಿ ತೋರಿಸಿದರು. ಅಲ್ಲಿ ಲೆಕ್ಕಕ್ಕೆ ಬರುವುದು ಬರೀ ದಿನಗಳಲ್ಲ, ಆ ದಿನಗಳ ಬಿಸಿಯೂ. ಹಾಗಂತ ಅವರ ಅಂಕಿಗಳನ್ನು ಸುಮ್ನೆ ನಮ್ಮ ನೆಲಕ್ಕೆ ಹಚ್ಚಲಾಗದು. ಕಲಬುರಗಿಯ ಎರೆಮಣ್ಣು ಮೊದಲೇ ಕ್ಷಾರೀಯ, ಅಲ್ಲಿ ಪಿಎಚ್ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಮೂಳೆಗಳೇ ಬೇಗ ಸವೆಯುತ್ತವೆ. ನಮ್ಮ ಮಣ್ಣುಗಳ ಮೇಲೇ ಇಂಥ ಕೆಲಸ ಜಾಸ್ತಿ ಆಗಬೇಕು ಅನ್ನುವುದು ನನ್ನ ಆಸೆ.

ಅದಕ್ಕೇ ಹೋಲಿಸಿ ನೋಡಲು ಕಂಟ್ರೋಲ್ ಸ್ಯಾಂಪಲ್ ಬೇಕೇ ಬೇಕು. ಶವದಿಂದ ದೂರದ, ಅದೇ ಬಗೆಯ, ಅಷ್ಟೇ ಆಳದ ಮಣ್ಣು. ಹೂತ ಶವವನ್ನು ವಿಷದ ಅನುಮಾನದಿಂದ ಹೊರತೆಗೆದಾಗಲಂತೂ ಮೇಲಿನ, ಕೆಳಗಿನ, ಪಕ್ಕದ ಮಣ್ಣನ್ನೂ ಬೇರೆಬೇರೆಯಾಗಿ ಸೀಲ್ ಮಾಡಬೇಕು. ಆರ್ಸೆನಿಕ್ ಮಣ್ಣಿನಲ್ಲೂ ಇರುತ್ತದೆ, ನೀರಿನ ಜೊತೆ ದೇಹಕ್ಕೆ ಇಳಿಯಬಹುದು. ಕೂದಲಲ್ಲಿ ಸಿಕ್ಕ ಆರ್ಸೆನಿಕ್ ಯಾರೋ ಕೊಟ್ಟದ್ದೋ, ನೆಲದಿಂದ ಬಂದದ್ದೋ? ಕೋರ್ಟಿನಲ್ಲಿ ವಕೀಲರು ಕೇಳುವುದು ಇದನ್ನೇ. ಆಗ ಮಣ್ಣು ತರಲು ಮತ್ತೆ ಹೋದರೆ, ಅಗೆದು ಮುಚ್ಚಿದ ಗುಂಡಿಯಲ್ಲಿ ಪದರಗಳೆಲ್ಲ ಕಲಸಿಹೋಗಿರುತ್ತವೆ.