ಎಣ್ಣೆ ಹಾಕಿದ ಮೇಲೆ ನೆಲನೆಲ್ಲಿ ರಸ: ಇಲಿ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ

ಎರಡು ಹದಮಳೆ ಬಿದ್ದರೆ ಸಾಕು, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ನೆಲನೆಲ್ಲಿ ತಾನಾಗಿ ಏಳುತ್ತದೆ. ರಾತ್ರಿ ಎಣ್ಣೆ ಹಾಕಿದವರಿಗೆ ಬೆಳಿಗ್ಗೆ ಇದರ ರಸ ಕುಡಿಸಿದರೆ ಕಿಡ್ನಿ ತೊಳೆದಂತೆ ಎಂಬ ಮಾತಿದೆ. ‘ಪ್ರಯೋಗದಲ್ಲೂ ಸಾಬೀತಾಗಿದೆ’ ಅಂತ ವಾಟ್ಸಾಪ್ ಬಾಲ ಬೇರೆ.

ದೇಹದಲ್ಲಿ ಮದ್ಯ ಒಡೆದಾಗ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ದಿನಾ ಕುಡಿಯುವವರಲ್ಲಿ ಸಿವೈಪಿ2ಇ1 ಎಂಬ ಕಿಣ್ವ ಹೆಚ್ಚಿ, ಜೀವಕೋಶ ಸುಡುವ ಆಮ್ಲಜನಕ ಕಣಗಳೂ ಹೆಚ್ಚುತ್ತವೆ. ಮೂತ್ರಪಿಂಡದ ಸಣ್ಣ ನಾಳಗಳಲ್ಲೂ ಈ ಕಿಣ್ವವಿದೆ. ಅಲ್ಲಿ ಜೀವಕೋಶವನ್ನು ಕಾಯುವ ಗ್ಲುಟಾಥಯೋನ್ ಕರಗುತ್ತದೆ, ಕೊಬ್ಬು ಸುಟ್ಟ ಗುರುತಾದ ಮ್ಯಾಲಾನ್‌ಡಯಾಲ್ಡಿಹೈಡ್ ಏರುತ್ತದೆ. ನೆಲನೆಲ್ಲಿಯ ಸಾರ ಕೊಟ್ಟ ಇಲಿಗಳಲ್ಲಿ ಇವೆರಡೂ ಸುಧಾರಿಸುವುದು ನಿಜ. ಆದರೆ ಇಂಥ ಪ್ರಯೋಗಗಳಲ್ಲಿ ಸಾರವನ್ನು ಬಹುಪಾಲು ಮದ್ಯಕ್ಕೆ ಮೊದಲು ಇಲ್ಲವೇ ಜೊತೆಯಲ್ಲೇ, ವಾರಗಟ್ಟಲೆ ಕೊಟ್ಟಿರುತ್ತಾರೆ. ಕೆಟ್ಟುಹೋದ ಕಿಡ್ನಿಯನ್ನು ಸರಿಮಾಡಿದ್ದಲ್ಲ ಅದು.

ಪ್ರಮಾಣ ನೋಡಿ. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಎಂದರೆ, ಇಲಿಯ ಪ್ರಮಾಣವನ್ನು ಮನುಷ್ಯನದಕ್ಕೆ ಬದಲಿಸುವ ರೂಢಿಯಂತೆ 6.2ರಿಂದ ಭಾಗಿಸಿ, ಮನುಷ್ಯನಿಗೆ ಕಿಲೋಗೆ ಸುಮಾರು 32 ಮಿಲಿಗ್ರಾಂ. 60 ಕಿಲೋ ಆಳಿಗೆ ದಿನಕ್ಕೆ 1.9 ಗ್ರಾಂ ಒಣ ಸಾರ. ನೂರು ಗ್ರಾಂ ಪುಡಿಗೆ ಹತ್ತು ಗ್ರಾಂ ಸಾರ ಸಿಕ್ಕಿತು ಅಂತಿಟ್ಟುಕೊಂಡರೂ 19 ಗ್ರಾಂ ಒಣಪುಡಿ ಬೇಕು. ಹಿಡಿ ಸೊಪ್ಪು ಹಿಂಡಿದ ರಸಕ್ಕೂ ಇದಕ್ಕೂ ತಾಳೆಯೇ ಇಲ್ಲ. ಇದು ಲೆಕ್ಕ ಮಾತ್ರ, ಇಷ್ಟು ಕುಡಿಯಿರಿ ಎಂಬ ಸಲಹೆಯಲ್ಲ.

ಸಾರ ತೆಗೆಯುವುದೂ ಕಷಾಯ ಕುದಿಸಿದಂತಲ್ಲ. ನೆರಳಲ್ಲಿ ಒಣಗಿಸಿ ತರಿತರಿ ಪುಡಿ ಮಾಡಿ, 100 ಗ್ರಾಂಗೆ ಒಂದು ಲೀಟರ್ 70% ಎಥನಾಲ್ ಹಾಕಿ, ಆಗಾಗ ಕುಲುಕುತ್ತ 72 ಗಂಟೆ ನೆನೆಸಿ ಸೋಸುತ್ತಾರೆ. ಆಮೇಲೆ ರೋಟರಿ ಇವ್ಯಾಪೊರೇಟರ್ ಎಂಬ, ಕಡಿಮೆ ಒತ್ತಡದಲ್ಲಿ ದ್ರವ ಆವಿ ಮಾಡುವ ಯಂತ್ರದಲ್ಲಿ 45 ಡಿಗ್ರಿ ದಾಟದಂತೆ ಆರಿಸಬೇಕು. ಆತುರಕ್ಕೆ ಬಿಸಿ ಏರಿಸಿದರೆ ಗಿಡದ ಗುಣಕಾರಿ ಎನ್ನುವ ಫಿನಾಲಿಕ್ ಅಂಶ ಹಾಳು. ಪೂರ್ತಿ ಆರಿಸದಿದ್ದರೆ ಎಥನಾಲ್ ಉಳಿದು, ಮದ್ಯದ ಹಾನಿ ಅಳೆಯುವ ಪ್ರಯೋಗಕ್ಕೇ ಮದ್ಯ ಬೆರೆಸಿದಂತಾಗುತ್ತದೆ!

ಗಿಡ ತಪ್ಪುವುದಂತೂ ಮಾಮೂಲು. ಕಡ್ಡಿ ತಿರುಗಿಸಿ ನೋಡಿ: ನೆಲನೆಲ್ಲಿಯ ಕಾಯಿ ನುಣುಪು, ಎಲೆಯ ಕೆಳಗೆ ಸಣ್ಣ ತೊಟ್ಟಿನಲ್ಲಿ ಜೋತಿರುತ್ತದೆ. ಕಾಂಡ ಕೆಂಪಾಗಿ, ಕಾಯಿ ತೊಟ್ಟಿಲ್ಲದೆ ಅಂಟಿಕೊಂಡು ಒರಟಾಗಿದ್ದರೆ ಅದು ಬೇರೆ ಜಾತಿ. ಇಷ್ಟಾದರೂ ಸಣ್ಣ ತಪ್ಪೇ. ನಾಟಿ ಪುಡಿಯಲ್ಲಿ ಈಶ್ವರಿ ಬೇರು ಸೇರಿದ್ದರೆ ದೊಡ್ಡದು: ಅದರ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನೇ ತಿನ್ನುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆ ತಿಂದವರ ಕಿಡ್ನಿ ಹೋದದ್ದು ಇದೇ ಕುಲದ ಗಿಡದಿಂದ.

‘ರಸ ಕುಡಿದೆ, ಕ್ರಿಯಾಟಿನಿನ್ ನಾರ್ಮಲ್ ಬಂತು’ ಎನ್ನುವವರಿಗೆ ಒಂದು ಮಾತು. ಕಿಡ್ನಿ ಹೇಗಿದೆ ಎಂದು ನೋಡಲು ರಕ್ತದಲ್ಲಿ ಅಳೆಯುವ ಈ ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಕುಡಿದು ಕುಡಿದು ತೊಡೆ, ತೋಳು ಸೊರಗಿದವರಲ್ಲಿ ಕಿಡ್ನಿ ಸೋಲುತ್ತಿದ್ದರೂ ಅದು ಕಡಿಮೆಯೇ ಕಾಣಬಹುದು. ಅಂಥವರು ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್ ಕೂಡ ನೋಡಿಸಬೇಕು, ಸಾಧ್ಯವಾದರೆ ಸ್ನಾಯುವನ್ನು ಅಷ್ಟಾಗಿ ನೆಚ್ಚದ, ರಕ್ತದ ಸಿಸ್ಟಾಟಿನ್ ಸಿ ಪರೀಕ್ಷೆ. ಡಾಕ್ಟರ ಹತ್ತಿರ ಹೋಗುವಾಗ ಆ ಪುಡಿಯ ಪೊಟ್ಟಣವನ್ನೂ ಜೇಬಿಗೆ ಹಾಕಿಕೊಳ್ಳಿ.