ಎಂಟನೇ ಗೆರೆಯ ಮೇಲಿನ ಹೆಸರು

ಅಮೆರಿಕ ಓಪನ್ ಫೈನಲ್ ಮುಗಿದ ಮರುದಿನ ನಾನು ಒಂದು ಹೊಸ ಹಾಳೆ ತೆಗೆದು, ಅದರ ಮೇಲೆ ಎಂಟು ಗೆರೆಗಳನ್ನು ಎಳೆದು, ಒಂದೊಂದು ಗೆರೆಯ ಮೇಲೂ ಒಬ್ಬೊಬ್ಬ ಆಟಗಾರನ ಹೆಸರು ಬರೆಯುತ್ತೇನೆ. ಪೆನ್ಸಿಲ್ಲಿನಲ್ಲೇ ಬರೆಯಬೇಕು, ಏಕೆಂದರೆ ನವೆಂಬರ್ ಎರಡನೇ ವಾರದ ಹೊತ್ತಿಗೆ ಕೆಳಗಿನ ಎರಡು ಮೂರು ಹೆಸರುಗಳನ್ನು ಹಲವು ಸಲ ಅಳಿಸಿ ಬರೆಯಬೇಕಾಗುತ್ತದೆ. ನಾಲ್ಕೂ ಗ್ರ್ಯಾನ್‌ ಸ್ಲಾಮ್‌ಗಳು ಮುಗಿದ ಮೇಲೆ ಪುರುಷರ ಟೆನಿಸ್‌ನಲ್ಲಿ ನೋಡಲು ಇನ್ನೇನು ಉಳಿದಿರುತ್ತದೆ ಎಂದು ಕೇಳುವವರಿದ್ದಾರೆ. ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ಆ ಎರಡು ತಿಂಗಳನ್ನು ನಾನು ವರ್ಷವಿಡೀ ಎದುರು ನೋಡುತ್ತೇನೆ, ಮತ್ತು ಆ ದಿನಗಳಲ್ಲಿ ನನ್ನ ಕಣ್ಣು ಮೊದಲ ಗೆರೆಗಿಂತ ಹೆಚ್ಚಾಗಿ ಎಂಟನೇ ಗೆರೆಯ ಮೇಲಿರುತ್ತದೆ.

ಈ ಎಂಟು ಗೆರೆಗಳು, ಪುರುಷರ ವೃತ್ತಿಪರ ಟೆನಿಸ್‌ ಸಂಘಟನೆಯಾದ ಎಟಿಪಿ ವರ್ಷಾಂತ್ಯದಲ್ಲಿ ನಡೆಸುವ ಎಟಿಪಿ ಫೈನಲ್ಸ್‌ನ ಎಂಟು ಸ್ಥಾನಗಳು. 1970ರಲ್ಲಿ ಟೋಕಿಯೊದಲ್ಲಿ ಮಾಸ್ಟರ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಟೂರ್ನಿ ನ್ಯೂಯಾರ್ಕ್‌, ಫ್ರಾಂಕ್‌ಫರ್ಟ್‌, ಹ್ಯಾನೋವರ್‌, ಶಾಂಘೈ, ಲಂಡನ್‌ ಎಂದು ಊರೂರು ಸುತ್ತಿ, 2021ರಿಂದ ಇಟಲಿಯ ಟ್ಯೂರಿನ್‌ನಲ್ಲಿ ನಡೆಯುತ್ತಿದೆ. ಜನವರಿಯಿಂದ ಗಳಿಸಿದ ಪಾಯಿಂಟ್‌ಗಳ ಲೆಕ್ಕದಲ್ಲಿ ಮೊದಲ ಏಳು ಮಂದಿಗೆ ನೇರ ಪ್ರವೇಶ ಸಿಗುತ್ತದೆ. ಎಂಟನೇ ಸ್ಥಾನಕ್ಕೆ ಮಾತ್ರ ಒಂದು ವಿಶೇಷ ನಿಯಮವಿದೆ: ಆ ವರ್ಷ ಗ್ರ್ಯಾನ್‌ ಸ್ಲಾಮ್‌ ಗೆದ್ದ ಆಟಗಾರ ಎಂಟರಿಂದ ಇಪ್ಪತ್ತರ ನಡುವೆ ಎಲ್ಲಿದ್ದರೂ ಆ ಸ್ಥಾನ ಅವನಿಗೆ ಹೋಗುತ್ತದೆ, ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಪಟ್ಟಿಯ ಎಂಟನೆಯವರಿಗೆ ದಕ್ಕುತ್ತದೆ. 2022ರ ವಿಂಬಲ್ಡನ್‌ನಲ್ಲಿ ರ‍್ಯಾಂಕಿಂಗ್‌ ಪಾಯಿಂಟ್‌ಗಳನ್ನೇ ಕೊಡದಿದ್ದ ಕಾರಣ, ಅಲ್ಲಿ ಪ್ರಶಸ್ತಿ ಗೆದ್ದ ನೊವಾಕ್‌ ಜೊಕೊವಿಚ್‌ ಅವರ ಖಾತೆಗೆ ಏನೂ ಸೇರಿರಲಿಲ್ಲ. ಈ ನಿಯಮದ ಆಸರೆ ಪಡೆದು ಟ್ಯೂರಿನ್‌ಗೆ ಬಂದ ಅವರು ಅಲ್ಲಿ ಐದಕ್ಕೆ ಐದೂ ಪಂದ್ಯಗಳನ್ನು ಗೆದ್ದರು.

ಇದಲ್ಲದೆ ಇನ್ನೊಂದು ಪಟ್ಟಿಯನ್ನೂ ಜೊತೆಯಲ್ಲೇ ಓದಬೇಕು. ಸೋಮವಾರಗಳಂದು ಪ್ರಕಟವಾಗುವ ವಿಶ್ವ ಕ್ರಮಾಂಕ ಹಿಂದಿನ 52 ವಾರಗಳ ಲೆಕ್ಕ. ಕಳೆದ ವರ್ಷ ಇದೇ ವಾರ ಗಳಿಸಿದ್ದು ಈ ವರ್ಷ ಇದೇ ವಾರ ಕಳಚಿ ಬೀಳುತ್ತದೆ. ಹಾಗಾಗಿ ಕಳೆದ ವರ್ಷ ಚೆನ್ನಾಗಿ ಆಡಿದವನಿಗೆ ಋತುವಿನ ಕೊನೆಯ ಭಾಗ ಸಾಲ ತೀರಿಸುವ ಕಾಲದಂತಿರುತ್ತದೆ. ಯಾನಿಕ್‌ ಸಿನ್ನರ್‌ 2024ರಲ್ಲಿ, ಗ್ರ್ಯಾನ್‌ ಸ್ಲಾಮ್‌ಗಳ ನಂತರದ ದರ್ಜೆಯ ಮಾಸ್ಟರ್ಸ್‌ 1000 ಟೂರ್ನಿಗಳಲ್ಲೊಂದಾದ ಶಾಂಘೈ ಮಾಸ್ಟರ್ಸ್‌ ಗೆದ್ದು 1000 ಪಾಯಿಂಟ್‌ ಪಡೆದಿದ್ದರು. 2025ರಲ್ಲಿ ಅದೇ ಶಾಂಘೈನ ಮೂರನೇ ಸುತ್ತಿನಲ್ಲಿ, ಸೆಖೆಗೆ ಕಾಲಿನ ಸ್ನಾಯುಗಳು ಹಿಡಿದುಕೊಂಡು ನಿಲ್ಲುವುದೇ ಕಷ್ಟವಾಗಿ, ಟಾಲನ್‌ ಗ್ರೀಕ್‌ಸ್ಪೋರ್‌ ವಿರುದ್ಧದ ಪಂದ್ಯವನ್ನು ಅರ್ಧಕ್ಕೇ ಬಿಟ್ಟುಕೊಟ್ಟರು. ಅವರು ಕೋರ್ಟ್‌ ಅಂಚಿನತ್ತ ರ‍್ಯಾಕೆಟ್‌ ಊರಿಕೊಂಡು ಕುಂಟುತ್ತ ನಡೆದದ್ದು ಇನ್ನೂ ಕಣ್ಣ ಮುಂದಿದೆ. ಆ ಒಂದು ನಡಿಗೆಯಲ್ಲಿ ಒಂದು ವರ್ಷದ ಹಿಂದಿನ ಗಳಿಕೆ ಕರಗಿಹೋಗಿತ್ತು.

ಅದೇ ಶಾಂಘೈನಲ್ಲಿ ನನ್ನ ಹಾಳೆಯಲ್ಲಿ ಎಲ್ಲಿಯೂ ಇರದಿದ್ದ ಹೆಸರೊಂದು ಎದ್ದು ಬಂತು. ಮೊನಾಕೊದ ವ್ಯಾಲೆಂಟಿನ್‌ ವಾಶೆರೊ ಆಗ ವಿಶ್ವದ 204ನೇ ಕ್ರಮಾಂಕದ ಆಟಗಾರ. ಅರ್ಹತಾ ಸುತ್ತಿಗೂ ಬದಲಿ ಆಟಗಾರರ ಸಾಲಿನಲ್ಲಿ ಕಾದು ಪ್ರವೇಶ ಪಡೆದ ಅವರು ಒಂದೊಂದೇ ಸುತ್ತು ದಾಟಿ, ಸೆಮಿಫೈನಲ್‌ನಲ್ಲಿ ಜೊಕೊವಿಚ್‌ ಅವರನ್ನು 6-3, 6-4ರಿಂದ ಸೋಲಿಸಿದರು. ಫೈನಲ್‌ನಲ್ಲಿ ಎದುರಾದವರು ಅವರ ಸೋದರ ಸಂಬಂಧಿ, ಫ್ರಾನ್ಸ್‌ನ ಆರ್ಥರ್‌ ರಿಂಡರ್‌ಕ್ನೆಶ್‌. ಮೊದಲ ಸೆಟ್‌ ಕಳೆದುಕೊಂಡ ವಾಶೆರೊ 4-6, 6-3, 6-3ರಿಂದ ಗೆದ್ದರು. ಮಾಸ್ಟರ್ಸ್‌ 1000 ಟೂರ್ನಿಗಳ ಇತಿಹಾಸದಲ್ಲಿ ಅಷ್ಟು ಕೆಳಗಿನ ಕ್ರಮಾಂಕದಲ್ಲಿದ್ದು ಪ್ರಶಸ್ತಿ ಗೆದ್ದವರು ಬೇರೆ ಯಾರೂ ಇಲ್ಲ. ಪಂದ್ಯ ಮುಗಿದ ಮೇಲೆ ಇಬ್ಬರೂ ತಬ್ಬಿಕೊಂಡು ಅತ್ತರು. ಗೆದ್ದವರು ಯಾರು, ಸೋತವರು ಯಾರು ಎಂದು ಆ ಕ್ಷಣದಲ್ಲಿ ಮುಖ ನೋಡಿ ಹೇಳುವುದು ಸಾಧ್ಯವಿರಲಿಲ್ಲ. ಮೂರು ವಾರ ಕಳೆಯುವ ಮುನ್ನವೇ ಪ್ಯಾರಿಸ್‌ನಲ್ಲಿ ಅವರಿಬ್ಬರೂ ಮತ್ತೆ ಎದುರಾದರು, ಮತ್ತೆ ವಾಶೆರೊ ಗೆದ್ದರು.

ಇಂಥ ಅಚ್ಚರಿಗಳು ವರ್ಷದ ಈ ಕೊನೆಯ ಪಾದದಲ್ಲಿ ಹೆಚ್ಚು ಎಂಬುದು ನನ್ನ ಅನಿಸಿಕೆ, ಮತ್ತು ಅದಕ್ಕೆ ಕಾರಣ ದಣಿವು. ಜನವರಿಯಿಂದ ಖಂಡದಿಂದ ಖಂಡಕ್ಕೆ ಹಾರುತ್ತ ಆಡಿದ ದೇಹಗಳು ಅಕ್ಟೋಬರ್‌ನಲ್ಲಿ ಮಾತು ಕೇಳುವುದಿಲ್ಲ. ಹೋಲ್ಗರ್‌ ರೂನ್‌ 2025ರ ಸ್ಟಾಕ್‌ಹೋಮ್‌ ಸೆಮಿಫೈನಲ್‌ನಲ್ಲಿ ಮುನ್ನಡೆಯಲ್ಲಿದ್ದಾಗಲೇ ಹಿಮ್ಮಡಿಯ ಮೇಲಿನ ಅಕಿಲಿಸ್‌ ಸ್ನಾಯುರಜ್ಜು ಹರಿದು ಆಟ ನಿಲ್ಲಿಸಬೇಕಾಯಿತು. ಒಂದು ವಾರದಲ್ಲಿ ಮುಗಿಯುತ್ತಿದ್ದ ಮಾಸ್ಟರ್ಸ್‌ ಟೂರ್ನಿಗಳನ್ನು ಹನ್ನೆರಡು ದಿನಗಳಿಗೆ ಹಿಗ್ಗಿಸಿದ್ದು ತಪ್ಪು ಎಂದೇ ನಾನು ನಂಬಿದ್ದೇನೆ. 2023ರಿಂದ ಶಾಂಘೈ ಕೂಡ 96 ಆಟಗಾರರ ದೊಡ್ಡ ಟೂರ್ನಿಯಾಗಿದೆ. ಅದು ಹಿಗ್ಗಿರದಿದ್ದರೆ ವಾಶೆರೊ ಅವರಿಗೆ ಬಾಗಿಲು ತೆರೆಯುತ್ತಿರಲಿಲ್ಲವೇನೋ ಎಂಬ ಪ್ರಶ್ನೆಯೂ ನನ್ನನ್ನು ಕಾಡುತ್ತದೆ. ಆದರೂ ಋತುವಿನ ಕೊನೆಗೆ ಇಷ್ಟು ಉದ್ದದ ಟೂರ್ನಿ ಇರಬಾರದು ಎಂಬ ಅಭಿಪ್ರಾಯದಿಂದ ನಾನು ಕದಲಿಲ್ಲ. ಆಟಗಾರರು ಯಂತ್ರಗಳಲ್ಲ.

ಶಾಂಘೈ ಮುಗಿದೊಡನೆ ಆಟ ಯುರೋಪಿನ ಒಳಾಂಗಣಗಳನ್ನು ಸೇರುತ್ತದೆ. ಸ್ಟಾಕ್‌ಹೋಮ್‌, ಬ್ರಸೆಲ್ಸ್‌, ವಿಯೆನ್ನಾ, ರೋಜರ್‌ ಫೆಡರರ್‌ ಹತ್ತು ಬಾರಿ ಗೆದ್ದ ಬಾಸೆಲ್‌, ಆಮೇಲೆ ಪ್ಯಾರಿಸ್‌. ಸೂರಿನಡಿಯ ಟೆನಿಸ್‌ಗೆ ಅದರದೇ ಆದ ಸದ್ದಿದೆ. ಚೆಂಡು ತಂತಿಯ ನಡುಮಧ್ಯಕ್ಕೆ ಬಡಿದಾಗ ಏಳುವ ಗಟ್ಟಿಯಾದ ಟಪ್‌ ಶಬ್ದ ಗೋಡೆಗೆ ತಾಗಿ ಮರಳುತ್ತದೆ. ಹೊಡೆತ ಸ್ವಲ್ಪ ತಪ್ಪಿ ಅಂಚಿಗೆ ತಗುಲಿದರೆ ಆ ಶಬ್ದ ಮೊಂಡಾಗುತ್ತದೆ, ಕಣ್ಣು ಮುಚ್ಚಿ ಕುಳಿತವನಿಗೂ ಅದು ತಿಳಿಯುತ್ತದೆ. ಪಕ್ಕಕ್ಕೆ ಜಾರಿ ನಿಲ್ಲುವಾಗ ಬೂಟಿನ ಅಡಿ ಕಿರ್‌ ಎನ್ನುತ್ತದೆ. ಗಾಳಿಯಿಲ್ಲ, ಕಣ್ಣಿಗೆ ಹೊಡೆಯುವ ಬಿಸಿಲಿಲ್ಲ, ಸರ್ವ್‌ ಮಾಡಲು ಮೇಲೆಸೆದ ಚೆಂಡು ಪ್ರತಿ ಬಾರಿಯೂ ಅದೇ ಜಾಗಕ್ಕೆ ಬರುತ್ತದೆ. ಹೀಗಾಗಿ ಬಲವಾಗಿ ಸರ್ವ್‌ ಮಾಡುವವರಿಗೆ, ಚೆಂಡು ಪುಟಿದ ಕೂಡಲೇ ಮುಂದೆ ಬಂದು ಹೊಡೆಯುವವರಿಗೆ ಇಲ್ಲಿ ಲಾಭ ಹೆಚ್ಚು. ಸಿನ್ನರ್‌ 2024 ಮತ್ತು 2025 ಎರಡೂ ವರ್ಷ ಟ್ಯೂರಿನ್‌ನಲ್ಲಿ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಗೆದ್ದದ್ದಕ್ಕೆ ಈ ವಾತಾವರಣದ ಪಾಲೂ ಇದೆ.

ಹಾಳೆಯ ಮೇಲೆ ಲೆಕ್ಕ ಬರೆಯುವ ಅಭ್ಯಾಸ ನನಗೆ ಹತ್ತಿದ್ದು 2016ರಲ್ಲಿ. ಆ ವರ್ಷದ ಮಧ್ಯಭಾಗದಲ್ಲಿ ಜೊಕೊವಿಚ್‌ ಎಷ್ಟು ಮುಂದಿದ್ದರೆಂದರೆ ಅವರನ್ನು ಯಾರಾದರೂ ಹಿಡಿಯಬಲ್ಲರೆಂದು ಯಾರೂ ಊಹಿಸಿರಲಿಲ್ಲ. ಆಂಡಿ ಮರ್ರೆ ಮಾತ್ರ ಬೀಜಿಂಗ್‌, ಶಾಂಘೈ, ವಿಯೆನ್ನಾ, ಪ್ಯಾರಿಸ್‌ ನಾಲ್ಕನ್ನೂ ಸಾಲಾಗಿ ಗೆದ್ದು ಅಗ್ರಸ್ಥಾನಕ್ಕೇರಿದರು. ಆಗ ಲಂಡನ್‌ನಲ್ಲಿ ನಡೆಯುತ್ತಿದ್ದ ಎಟಿಪಿ ಫೈನಲ್ಸ್‌ನ ಸೆಮಿಫೈನಲ್‌ನಲ್ಲಿ ಮಿಲೋಸ್‌ ರಾವೊನಿಕ್‌ ಅವರನ್ನು ಮಣಿಸಲು ಅವರಿಗೆ 3 ಗಂಟೆ 38 ನಿಮಿಷ ಬೇಕಾಯಿತು, ಕೊನೆಯ ಟೈಬ್ರೇಕರ್‌ 11-9ಕ್ಕೆ ಮುಗಿಯಿತು. ಮರುದಿನದ ಫೈನಲ್‌ನಲ್ಲಿ ಎದುರಿಗಿದ್ದವರು ಜೊಕೊವಿಚ್‌, ಮತ್ತು ಗೆದ್ದವರಿಗೆ ಪ್ರಶಸ್ತಿಯ ಜೊತೆಗೆ ವರ್ಷಾಂತ್ಯದ ಅಗ್ರಸ್ಥಾನವೂ ಸಿಗುವಂತಿತ್ತು. ಹಿಂದಿನ ದಿನದ ದಣಿವು ಲೆಕ್ಕಕ್ಕೇ ಇಲ್ಲವೆಂಬಂತೆ ಮರ್ರೆ 6-3, 6-4ರಿಂದ ಗೆದ್ದರು. ಜನವರಿಯಲ್ಲಿ ಆರಂಭವಾದ ಒಂದು ಲೆಕ್ಕ ಅದರ ಕಟ್ಟಕಡೆಯ ಪಂದ್ಯದಲ್ಲಿ ಮುಗಿದದ್ದನ್ನು ಕಂಡ ಮೇಲೆ ಸೆಪ್ಟೆಂಬರ್‌ನಲ್ಲಿ ಟೆನಿಸ್‌ ನೋಡುವುದನ್ನು ನಿಲ್ಲಿಸುವುದು ನನ್ನಿಂದ ಆಗಲಿಲ್ಲ.

2025ರ ಎಂಟನೇ ಗೆರೆಯ ಕತೆಯನ್ನು ವಿವರವಾಗಿಯೇ ಹೇಳಬೇಕು. ಅಕ್ಟೋಬರ್‌ ಕೊನೆಗೆ ಅಲ್ಲಿ ಇಟಲಿಯ ಲೊರೆಂಜೊ ಮುಸೆಟ್ಟಿ ಅವರ ಹೆಸರಿತ್ತು. ಕೆನಡಾದ ಫೆಲಿಕ್ಸ್‌ ಆಗರ್‌ ಅಲಿಯಾಸಿಮ್‌ ಬ್ರಸೆಲ್ಸ್‌ನಲ್ಲಿ ಪ್ರಶಸ್ತಿ ಗೆದ್ದು ಅವರ ಬೆನ್ನು ಹತ್ತಿದ್ದರು. ಪ್ಯಾರಿಸ್‌ ಮಾಸ್ಟರ್ಸ್‌ ಆ ವರ್ಷ ಹಳೆಯ ಬೆರ್ಸಿ ಸಭಾಂಗಣವನ್ನು ಬಿಟ್ಟು ನಾಂತೇರ್‌ನ ಲಾ ಡಿಫಾನ್ಸ್‌ ಅರೇನಾಕ್ಕೆ ಸ್ಥಳಾಂತರಗೊಂಡಿತ್ತು. ಅಲ್ಲಿ ಮುಸೆಟ್ಟಿ ತಮ್ಮ ದೇಶದವರೇ ಆದ ಲೊರೆಂಜೊ ಸೊನೆಗೊ ಅವರಿಗೆ ಆರಂಭದಲ್ಲೇ ಸೋತರೆ, ಆಗರ್‌ ಅಲಿಯಾಸಿಮ್‌ ಫೈನಲ್‌ವರೆಗೂ ಹೋದರು. ಫೈನಲ್‌ನಲ್ಲಿ ಸಿನ್ನರ್‌ಗೆ ಸೋತರೂ ಎಂಟನೇ ಗೆರೆ ಅವರದಾಯಿತು, ನಾನು ಒಂದು ಹೆಸರನ್ನು ಅಳಿಸಿ ಇನ್ನೊಂದನ್ನು ಬರೆದೆ. (ಅದೇ ಪ್ಯಾರಿಸ್‌ನಲ್ಲಿ ರೋಹನ್‌ ಬೋಪಣ್ಣ ತಮ್ಮ ಕೊನೆಯ ಪಂದ್ಯ ಆಡಿದರು. ಅಲೆಕ್ಸಾಂಡರ್‌ ಬುಬ್ಲಿಕ್‌ ಜೊತೆಗೂಡಿ ಆಡಿದ ಆ ಡಬಲ್ಸ್‌ ಪಂದ್ಯ ನಿರ್ಣಾಯಕ ಟೈಬ್ರೇಕರ್‌ನಲ್ಲಿ 10-8ರಿಂದ ಕೈತಪ್ಪಿತು. 2011 ಮತ್ತು 2012ರಲ್ಲಿ ಬೇರೆ ಬೇರೆ ಜೊತೆಗಾರರೊಂದಿಗೆ ಅವರು ಗೆದ್ದಿದ್ದ ಟೂರ್ನಿಯದು. 43ನೇ ವಯಸ್ಸಿನಲ್ಲಿ ಡಬಲ್ಸ್‌ನ ಅಗ್ರಸ್ಥಾನಕ್ಕೇರಿದ ಆಟಗಾರನ ಕೊನೆಯ ಪಂದ್ಯ ಎರಡೇ ಪಾಯಿಂಟ್‌ಗಳ ಅಂತರದಲ್ಲಿ ಮುಗಿದದ್ದು ನನಗೆ ಇಂದಿಗೂ ಬೇಸರದ ಸಂಗತಿ.)

ಮುಸೆಟ್ಟಿಗೆ ಉಳಿದಿದ್ದು ಒಂದೇ ವಾರ. ಅಥೆನ್ಸ್‌ನಲ್ಲಿ ನಡೆಯುತ್ತಿದ್ದ 250 ಪಾಯಿಂಟ್‌ಗಳ ಸಣ್ಣ ಟೂರ್ನಿಯಲ್ಲಿ ಅವರು ಪ್ರಶಸ್ತಿಯನ್ನೇ ಗೆಲ್ಲಬೇಕಿತ್ತು, ಫೈನಲ್‌ ತಲುಪಿದರೆ ಸಾಲದಾಗಿತ್ತು. ನವೆಂಬರ್‌ 8ರ ಫೈನಲ್‌ನಲ್ಲಿ ಎದುರಾದವರು ಜೊಕೊವಿಚ್‌. ಮೊದಲ ಸೆಟ್‌ 6-4ರಿಂದ ಮುಸೆಟ್ಟಿಗೆ, ಎರಡನೆಯದು 6-3ರಿಂದ ಜೊಕೊವಿಚ್‌ಗೆ. ಒಂಟಿಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಮುಸೆಟ್ಟಿ ಕೋರ್ಟಿನ ಉದ್ದಕ್ಕೆ ಹೊಡೆಯುತ್ತಿದ್ದ ಒಂದೊಂದು ಚೆಂಡಿಗೂ ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ. ಸುಮಾರು ಮೂರು ಗಂಟೆಗಳ ಪಂದ್ಯದ ಕೊನೆಯಲ್ಲಿ ಮೂರನೇ ಸೆಟ್‌ 7-5ರಿಂದ ಜೊಕೊವಿಚ್‌ ಪಾಲಾಯಿತು, ಅದು ಅವರ 101ನೇ ಪ್ರಶಸ್ತಿ. ಇತ್ತ ನನ್ನ ಹಾಳೆಯಲ್ಲಿ ಮುಸೆಟ್ಟಿ ಒಂಬತ್ತನೆಯವರಾಗಿ ಉಳಿದರು. ಆದರೆ ಪಂದ್ಯ ಮುಗಿದ ಬೆನ್ನಿಗೇ ಭುಜದ ನೋವಿನಿಂದ ಟ್ಯೂರಿನ್‌ನಲ್ಲಿ ಆಡುವುದಿಲ್ಲವೆಂದು ಜೊಕೊವಿಚ್‌ ತಿಳಿಸಿದರು, ಅವರು ಖಾಲಿ ಮಾಡಿದ ಜಾಗ ಮುಸೆಟ್ಟಿಗೆ ಬಂತು. ಯಾರು ಮುಸೆಟ್ಟಿಯ ದಾರಿ ಮುಚ್ಚಿದ್ದರೋ ಅವರೇ ಆ ದಾರಿಯನ್ನು ತೆರೆದಂತಾಯಿತು.

ಎರಡೇ ದಿನಗಳಲ್ಲಿ ಮುಸೆಟ್ಟಿ ಟ್ಯೂರಿನ್‌ ಅಂಗಳದಲ್ಲಿದ್ದರು. ಸ್ಪಷ್ಟವಾಗಿ ಬಳಲಿದ್ದ ಅವರು ಟೇಲರ್‌ ಫ್ರಿಟ್ಜ್‌ ಅವರಿಗೆ ನೇರ ಸೆಟ್‌ಗಳಲ್ಲಿ ಸೋತರು. ಮರುದಿನವೇ ಅಲೆಕ್ಸ್‌ ಡಿ ಮಿನೋರ್‌ ಅವರನ್ನು 7-5, 3-6, 7-5ರಿಂದ ಸೋಲಿಸಿದರು. ಎಂಟು ಮಂದಿಯನ್ನು ನಾಲ್ವರ ಎರಡು ಗುಂಪುಗಳಾಗಿ ಮಾಡಿ ಎಲ್ಲರೂ ಎಲ್ಲರೊಡನೆ ಆಡುವ ಈ ಪದ್ಧತಿಯಲ್ಲಿ ಸೋತವನೂ ಮನೆಗೆ ಹೋಗುವುದಿಲ್ಲ, ಇನ್ನೊಬ್ಬರ ಫಲಿತಾಂಶಕ್ಕಾಗಿ ಕಾಯುತ್ತ ಕೂರಬೇಕಾಗುತ್ತದೆ. ಮೊದಲ ಎರಡು ಪಂದ್ಯ ಸೋತ ಡಿ ಮಿನೋರ್‌ ಗುರುವಾರ ಮಧ್ಯಾಹ್ನ ಫ್ರಿಟ್ಜ್‌ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿ ಹೀಗೆಯೇ ಕಾದರು. ಆ ಸಂಜೆ ಉಳಿದಿದ್ದದ್ದು ಕಾರ್ಲೋಸ್‌ ಅಲ್ಕರಾಜ್‌ ಮತ್ತು ಮುಸೆಟ್ಟಿ ನಡುವಿನ ಪಂದ್ಯ. ಮುಸೆಟ್ಟಿ ಗೆದ್ದರೆ ಸೆಮಿಫೈನಲ್‌ ಅವರದು. ಅಲ್ಕರಾಜ್‌ ಗೆದ್ದರೆ ಮುಸೆಟ್ಟಿ, ಫ್ರಿಟ್ಜ್‌, ಡಿ ಮಿನೋರ್‌ ಮೂವರದೂ ಒಂದೊಂದು ಗೆಲುವಾಗಿ, ಸೆಟ್‌ಗಳ ಲೆಕ್ಕದಲ್ಲಿ ಫ್ರಿಟ್ಜ್‌ ಮತ್ತು ಡಿ ಮಿನೋರ್‌ ಸಮವಾಗಿ, ಪರಸ್ಪರ ಪಂದ್ಯ ಗೆದ್ದ ಡಿ ಮಿನೋರ್‌ ಮುಂದಕ್ಕೆ ಹೋಗುತ್ತಿದ್ದರು. ಜೊತೆಗೆ ಗುಂಪಿನ ಮೂರೂ ಪಂದ್ಯ ಗೆದ್ದ ಅಲ್ಕರಾಜ್‌ಗೆ ಸಿನ್ನರ್‌ ಏನೇ ಮಾಡಿದರೂ ವರ್ಷಾಂತ್ಯದ ಅಗ್ರಸ್ಥಾನ ಖಚಿತವಾಗುತ್ತಿತ್ತು. ಇಷ್ಟನ್ನೂ ನಿರ್ಧರಿಸುವ ಪಂದ್ಯದಲ್ಲಿ ಬಲೆಯ ಆಚೆ ನಿಂತಿದ್ದವರು ಕೆಲವೇ ದಿನಗಳ ಹಿಂದೆ ನಾನು ಹಾಳೆಯಿಂದ ಅಳಿಸಿದ್ದ ಆಟಗಾರ.

ಮೊದಲ ಸೆಟ್ಟಿನಲ್ಲಿ ಮುಸೆಟ್ಟಿ ಹೋರಾಡಿದರು, ಎರಡನೆಯದರಲ್ಲಿ ಕಾಲುಗಳಲ್ಲಿ ಬಲ ಉಳಿದಿರಲಿಲ್ಲ. ಅಲ್ಕರಾಜ್‌ 6-4, 6-1ರಿಂದ ಗೆದ್ದರು, ಡಿ ಮಿನೋರ್‌ ಸೆಮಿಫೈನಲ್‌ಗೆ ಹೋದರು. ಮೂರು ದಿನಗಳ ನಂತರ ಫೈನಲ್‌ನಲ್ಲಿ ಸಿನ್ನರ್‌ 7-6, 7-5ರಿಂದ ಅಲ್ಕರಾಜ್‌ ಅವರನ್ನು ಸೋಲಿಸಿದರು, ಪ್ರಶಸ್ತಿ ಒಬ್ಬರಿಗೆ, ಅಗ್ರಸ್ಥಾನ ಇನ್ನೊಬ್ಬರಿಗೆ ಹಂಚಿಹೋಯಿತು. ಆ ರಾತ್ರಿ ನಾನು ಹಾಳೆಯ ಮೇಲಿನ ಎಂಟೂ ಹೆಸರುಗಳನ್ನು ಪೆನ್ನಿನಿಂದ ತಿದ್ದಿ ಬರೆದೆ. ಮೇಲಿನ ಗೆರೆಗಳು ನಿರ್ಮಲವಾಗಿದ್ದವು. ಮುಸೆಟ್ಟಿಯ ಹೆಸರಿದ್ದ ಜಾಗದಲ್ಲಿ ಮಾತ್ರ ರಬ್ಬರ್‌ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು, ಪೆನ್ನಿನ ಮಸಿ ಹಿಂಬದಿಗೂ ಇಳಿಯಿತು.