ಕನಕಪುರ: ನಕ್ಷೆಯಿಂದ ಅಳಿದುಹೋದ ಲೋಕಸಭಾ ಕ್ಷೇತ್ರ

ನನ್ನ ತಾಯಿಯ ಹಳೆಯ ಮತದಾರರ ಗುರುತಿನ ಚೀಟಿಯಲ್ಲಿ ವಿಧಾನಸಭಾ ಕ್ಷೇತ್ರದ ಹೆಸರು ಸಾತನೂರು ಎಂದಿದೆ. ಆ ಕ್ಷೇತ್ರ ಈಗಿಲ್ಲ. ಸಾತನೂರನ್ನು ಒಳಗೊಂಡಿದ್ದ ಕನಕಪುರ ಲೋಕಸಭಾ ಕ್ಷೇತ್ರವೂ ಇಲ್ಲ. 1967ರಿಂದ 2004ರವರೆಗೆ ನಡೆದ ಪ್ರತಿಯೊಂದು ಸಾರ್ವತ್ರಿಕ ಚುನಾವಣೆಯಲ್ಲೂ ಸಂಸತ್ತಿಗೆ ಒಬ್ಬ ಪ್ರತಿನಿಧಿಯನ್ನು ಕಳುಹಿಸಿ, ಮಾಜಿ ಪ್ರಧಾನಿಯೊಬ್ಬರನ್ನು ಒಮ್ಮೆ ಗೆಲ್ಲಿಸಿ, ಎರಡೇ ವರ್ಷಗಳಲ್ಲಿ ಅವರನ್ನೇ ಸೋಲಿಸಿದ ಈ ಕ್ಷೇತ್ರದ ಕಥೆಯನ್ನು ಒಂದೆಡೆ ಬರೆದಿಡಬೇಕೆಂಬುದು ನನ್ನ ಬಹುದಿನಗಳ ಆಸೆ.

ಮೊದಲು ಅದರ ಮೈಕಟ್ಟನ್ನು ನೋಡಬೇಕು. ಹಿಂದೆ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರ ಪಟ್ಟಣದ ಹೆಸರನ್ನು ಹೊತ್ತಿದ್ದರೂ ಕ್ಷೇತ್ರವು ಆ ತಾಲ್ಲೂಕಿಗೆ ಸೀಮಿತವಾಗಿರಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರ, ಕೆಂಪೇಗೌಡರ ಮಾಗಡಿ, ಕಾವೇರಿ ಮತ್ತು ಅರ್ಕಾವತಿಗಳ ಸಂಗಮದತ್ತ ಇಳಿಯುವ ದಾರಿಯಲ್ಲಿರುವ ಸಾತನೂರು, ತಮಿಳುನಾಡಿನ ಗಡಿಗೆ ಒತ್ತಿಕೊಂಡ ಆನೇಕಲ್, ಇವೆಲ್ಲದರ ಜೊತೆಗೆ ಬೆಂಗಳೂರಿನ ಅಂಚಿನ ಉತ್ತರಹಳ್ಳಿ ಇದರ ಭಾಗಗಳಾಗಿದ್ದವು. ರಾಗಿ ಹೊಲ, ಹಿಪ್ಪುನೇರಳೆ ತೋಟ, ಆನೆಗಳು ಓಡಾಡುವ ಕಾಡು ಒಂದು ಕಡೆ. ವರ್ಷವರ್ಷಕ್ಕೂ ಹೊಸ ಬಡಾವಣೆಗಳನ್ನು ಕಟ್ಟಿಕೊಳ್ಳುತ್ತಿದ್ದ ಮಹಾನಗರದ ತುದಿ ಇನ್ನೊಂದು ಕಡೆ. ಈ ಎರಡರ ನಡುವಿನ ತೂಕವು ಕಾಲಕಾಲಕ್ಕೆ ಬದಲಾದುದೇ ಕ್ಷೇತ್ರದ ಇತಿಹಾಸವೆಂದು ನಾನು ತಿಳಿದಿದ್ದೇನೆ.

1967ರಲ್ಲಿ ಇಲ್ಲಿಂದ ಗೆದ್ದವರು ಕಾಂಗ್ರೆಸ್ಸಿನ ಎಂ. ವಿ. ರಾಜಶೇಖರನ್. ಅವರು ಇದೇ ಕನಕಪುರ ತಾಲ್ಲೂಕಿನ ಮರಳವಾಡಿಯವರು ಮತ್ತು ಎಸ್. ನಿಜಲಿಂಗಪ್ಪನವರ ಅಳಿಯ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಒಂದು ಬಣದ ಮುಂದಾಳಾಗಿದ್ದವರು ನಿಜಲಿಂಗಪ್ಪನವರೇ ಆದ್ದರಿಂದ ಆ ಒಡಕು ಈ ಕ್ಷೇತ್ರಕ್ಕೆ ದೂರದ ದೆಹಲಿಯ ಸುದ್ದಿಯಾಗಿ ಉಳಿಯಲಿಲ್ಲ. 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ಅಂದಿನ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಗೆದ್ದುಕೊಂಡಾಗ ಕನಕಪುರದಿಂದ ಆಯ್ಕೆಯಾದವರು ಸಿ. ಕೆ. ಜಾಫರ್ ಷರೀಫ್. ಮುಂದೆ ಬೆಂಗಳೂರು ಉತ್ತರದ ಪ್ರತಿನಿಧಿಯಾಗಿ, ರೈಲ್ವೆ ಸಚಿವರಾಗಿ ನಾಡಿಗೆಲ್ಲ ಪರಿಚಿತರಾದ ಷರೀಫರ ಲೋಕಸಭಾ ಪಯಣ ಕನಕಪುರದಿಂದ ಆರಂಭವಾಯಿತೆಂಬುದು ಇಂದು ಹೆಚ್ಚಿನವರಿಗೆ ನೆನಪಿಲ್ಲ.

ಅದಕ್ಕಿಂತ ಹೆಚ್ಚಾಗಿ ಮರೆವಿಗೆ ಸಂದವರು ಎಂ. ವಿ. ಚಂದ್ರಶೇಖರಮೂರ್ತಿ. 1977, 1980, 1984, 1989, 1991 ಹೀಗೆ ಸಾಲಾಗಿ ಐದು ಬಾರಿ, ಆಮೇಲೆ 1999ರಲ್ಲಿ ಮತ್ತೊಮ್ಮೆ ಅವರು ಕಾಂಗ್ರೆಸ್ಸಿನಿಂದ ಇಲ್ಲಿ ಗೆದ್ದರು, ಪಿ. ವಿ. ನರಸಿಂಹರಾವ್ ಅವರ ಸರ್ಕಾರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರೂ ಆಗಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಅವರು ಲೋಕಸಭೆಗೆ ಸುಲಭವಾಗಿ ಗೆಲ್ಲುತ್ತಿದ್ದ ಕಾಲದಲ್ಲೇ ಇದೇ ನೆಲ ವಿಧಾನಸಭೆಗೆ ಜನತಾ ಪಕ್ಷದವರನ್ನೂ ಆರಿಸುತ್ತಿತ್ತು. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರಿಗಾಗಿ ಪಿ. ಜಿ. ಆರ್. ಸಿಂಧ್ಯ ಅವರು ತೆರವು ಮಾಡಿಕೊಟ್ಟದ್ದು ಕನಕಪುರ ವಿಧಾನಸಭಾ ಸ್ಥಾನವನ್ನು. 1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 24 ಸ್ಥಾನಗಳು ಕಾಂಗ್ರೆಸ್ಸಿಗೆ ಹೋದವು, ಕನಕಪುರವೂ ಅವುಗಳಲ್ಲಿ ಒಂದು. ಕೆಲವೇ ತಿಂಗಳುಗಳ ನಂತರ 1985ರ ವಿಧಾನಸಭಾ ಚುನಾವಣೆಯಲ್ಲಿ ಎಚ್. ಡಿ. ದೇವೇಗೌಡರು ಹೊಳೆನರಸೀಪುರ ಮತ್ತು ಸಾತನೂರು ಎರಡರಲ್ಲೂ ಗೆದ್ದು ಹೊಳೆನರಸೀಪುರವನ್ನು ಉಳಿಸಿಕೊಂಡರು. ಸಾತನೂರಿನಲ್ಲಿ ಅಂದು ಅವರೆದುರು ಸೋತ ಯುವಕ ಡಿ. ಕೆ. ಶಿವಕುಮಾರ್, 1989ರಲ್ಲಿ ಅದೇ ಸಾತನೂರಿನಿಂದ ಗೆದ್ದ ಅವರು ಆ ಕ್ಷೇತ್ರ ಇರುವವರೆಗೂ ಅಲ್ಲಿ ಸೋಲಲಿಲ್ಲ. ದೆಹಲಿಗೊಂದು, ವಿಧಾನಸೌಧಕ್ಕೊಂದು ಎಂದು ಬೇರೆಬೇರೆಯಾಗಿ ಯೋಚಿಸಿ ಮತ ಹಾಕುತ್ತಿದ್ದ ಈ ಹಳ್ಳಿಗರನ್ನು ಬರಿಯ ಜಾತಿಯ ಲೆಕ್ಕದಲ್ಲಿ ಅಳೆದು ಮುಗಿಸುವ ಬರಹಗಳನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ.

1996ರ ನಂತರ ಕ್ಷೇತ್ರದ ಶಾಂತಿ ಕದಡಿತು. ಆ ವರ್ಷ ಜನತಾದಳದಿಂದ ಸ್ಪರ್ಧಿಸಿದ ಎಚ್. ಡಿ. ಕುಮಾರಸ್ವಾಮಿ ತಮ್ಮ ಮೊದಲ ಚುನಾವಣೆಯಲ್ಲೇ ಗೆದ್ದು ಸಂಸತ್ತಿಗೆ ಹೋದರು. ಅದೇ ಲೋಕಸಭೆಯ ಕಾಲದಲ್ಲಿ ಅವರ ತಂದೆ ಪ್ರಧಾನಿಯಾದರು. ಅಲ್ಲಿಯವರೆಗೆ ದೇವೇಗೌಡರು ಮುಖ್ಯಮಂತ್ರಿಯಾಗಿದ್ದುದೂ ಇದೇ ಸೀಮೆಯ ರಾಮನಗರದ ಶಾಸಕರಾಗಿ. ಆದರೆ 1998ರಲ್ಲಿ ಮತದಾರರು ಬಿಜೆಪಿಯ ಎಂ. ಶ್ರೀನಿವಾಸ್ ಅವರನ್ನು ಆರಿಸಿದರು. 1999ರಲ್ಲಿ ಚಂದ್ರಶೇಖರಮೂರ್ತಿಯವರು ಮರಳಿ ಬಂದರು. ನಾಲ್ಕು ವರ್ಷಗಳಲ್ಲಿ ಮೂರು ಚುನಾವಣೆ, ಮೂರು ಪಕ್ಷ. ಹಳ್ಳಿಗಳಲ್ಲಿ ನೆಲೆಯಿದ್ದ ಪಕ್ಷಗಳು ತಮ್ಮೊಳಗೆ ಕಾದಾಡುತ್ತಿದ್ದಾಗ, ಬಡಾವಣೆಗಳಿಗೆ ಹೊಸದಾಗಿ ಬಂದು ನೆಲೆಸಿದವರ ಮತಗಳು ಒಂದು ಕಡೆ ವಾಲಿದರೆ ಫಲಿತಾಂಶವೇ ತಲೆಕೆಳಗಾಗುವಷ್ಟು ಉತ್ತರಹಳ್ಳಿ ಬೆಳೆದಿತ್ತೆಂಬುದು ನನ್ನ ಓದು.

ಚಂದ್ರಶೇಖರಮೂರ್ತಿಯವರ ನಿಧನದಿಂದ 2002ರಲ್ಲಿ ಉಪಚುನಾವಣೆ ಬಂತು. 1999ರಲ್ಲಿ ಹಾಸನದಲ್ಲಿ ಸೋತಿದ್ದ ದೇವೇಗೌಡರು ಜಾತ್ಯತೀತ ಜನತಾದಳದ ಅಭ್ಯರ್ಥಿಯಾದರು, ಎಸ್. ಎಂ. ಕೃಷ್ಣ ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಶಿವಕುಮಾರ್ ಅವರು ಕಾಂಗ್ರೆಸ್ಸಿನಿಂದ ಎದುರಾದರು. 1985ರ ಸಾತನೂರಿನ ಸ್ಪರ್ಧೆ ಇಡೀ ಲೋಕಸಭಾ ಕ್ಷೇತ್ರದ ಅಳತೆಗೆ ಬೆಳೆದು ನಿಂತಂತಿತ್ತು. ಆ ದಿನಗಳಲ್ಲಿ ನಮ್ಮೂರಿನ ಅರಳಿಕಟ್ಟೆಯ ಮೇಲೆ ಬೇರೆ ಮಾತೇ ಇರಲಿಲ್ಲ. ಗೆದ್ದವರು ದೇವೇಗೌಡರು. ಒಬ್ಬ ಮಾಜಿ ಪ್ರಧಾನಿ ನಮ್ಮ ಕಡೆಯ ಹಳ್ಳಿಗಳ ಪರವಾಗಿ ಸಂಸತ್ತಿನಲ್ಲಿ ಕುಳಿತಿದ್ದಾರೆಂಬ ಹೆಮ್ಮೆ ಅವರಿಗೆ ಮತ ಹಾಕದವರ ಮನೆಗಳಲ್ಲೂ ಇತ್ತು.

2004ರಲ್ಲಿ ಅವರು ಹಾಸನದ ಜೊತೆಗೆ ಕನಕಪುರದಲ್ಲೂ ನಿಂತರು. ದೂರದರ್ಶನ ವಾಹಿನಿಗಳ ಪತ್ರಕರ್ತೆಯಾಗಿ ಪರಿಚಿತರಾಗಿದ್ದ, ಚುನಾವಣೆಗೆ ಹೊಸಬರಾಗಿದ್ದ ತೇಜಸ್ವಿನಿಯವರನ್ನು ಕಾಂಗ್ರೆಸ್ ಕಣಕ್ಕಿಳಿಸಿತು. ಅವರು ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಬಿಜೆಪಿಯ ರಾಮಚಂದ್ರಗೌಡರು ಎರಡನೆಯವರಾದರು. ದೇವೇಗೌಡರು ಮೂರನೆಯ ಸ್ಥಾನಕ್ಕೆ ಇಳಿದರು. ಹಾಸನದಲ್ಲಿ ಗೆದ್ದುದರಿಂದ ಅವರು ಸಂಸತ್ತಿನಲ್ಲಿ ಉಳಿದರು. ಕನಕಪುರದ ಹೆಸರಿನಲ್ಲಿ ಸಂಸತ್ತಿಗೆ ಹೋದ ಮೊದಲ ಮಹಿಳೆ ತೇಜಸ್ವಿನಿಯವರು. ಕೊನೆಯ ಪ್ರತಿನಿಧಿಯೂ ಅವರೇ ಆದರು.

ಕ್ಷೇತ್ರ ಅಳಿದದ್ದು ಯಾರೋ ಒಬ್ಬರ ಸೋಲುಗೆಲುವಿನಿಂದಲ್ಲ. 1976ರ ಸಂವಿಧಾನದ 42ನೇ ತಿದ್ದುಪಡಿಯು ಲೋಕಸಭೆ ಮತ್ತು ವಿಧಾನಸಭೆಗಳ ಸ್ಥಾನಹಂಚಿಕೆಯನ್ನು 1971ರ ಜನಗಣತಿಯ ಲೆಕ್ಕಕ್ಕೆ ಕಟ್ಟಿಹಾಕಿತು. ಗಡಿರೇಖೆಗಳೂ ಇದ್ದಲ್ಲೇ ಉಳಿದವು. ಇತ್ತ ಬೆಂಗಳೂರು ಜಯನಗರವನ್ನು ದಾಟಿ, ಬನಶಂಕರಿಯನ್ನು ದಾಟಿ, ಕನಕಪುರ ರಸ್ತೆಯುದ್ದಕ್ಕೂ ಹರಡುತ್ತಲೇ ಹೋಯಿತು. ಆನೇಕಲ್ ತಾಲ್ಲೂಕಿನ ಹೊಲಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಉತ್ತರಹಳ್ಳಿ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೆನಿಸಿಕೊಂಡಿತು. ಸಾತನೂರಿನ ಒಬ್ಬ ಶಾಸಕರಿಗೂ ಉತ್ತರಹಳ್ಳಿಯ ಒಬ್ಬ ಶಾಸಕರಿಗೂ ಸದನದಲ್ಲಿ ಒಂದೇ ಕುರ್ಚಿ ಎಂಬುದು ನಗರವಾಸಿಗಳಿಗೆ ಅನ್ಯಾಯವೇ ಆಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗವು 2001ರ ಜನಗಣತಿಯನ್ನು ಹಿಡಿದು ರಾಜ್ಯದ 28 ಸ್ಥಾನಗಳ ಸಂಖ್ಯೆಯನ್ನು ಮುಟ್ಟದೆ ಗಡಿಗಳನ್ನು ಮಾತ್ರ ಹೊಸದಾಗಿ ಎಳೆಯಿತು. ಉತ್ತರಹಳ್ಳಿಯನ್ನು ಹಲವು ಕ್ಷೇತ್ರಗಳಾಗಿ ಹಂಚಿದರು, ಸಾತನೂರನ್ನು ತೆಗೆದುಹಾಕಿದರು. 2008ರ ಮೇ ತಿಂಗಳ ವಿಧಾನಸಭಾ ಚುನಾವಣೆ ಈ ಹೊಸ ಗಡಿಗಳಲ್ಲಿ ನಡೆಯಿತು.

ಲೋಕಸಭೆಯ ಮಟ್ಟಿಗೆ ಕನಕಪುರದ ಜಾಗಕ್ಕೆ ಬಂದದ್ದು ಬೆಂಗಳೂರು ಗ್ರಾಮಾಂತರ. ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ, ಆನೇಕಲ್, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರ, ತುಮಕೂರು ಜಿಲ್ಲೆಯ ಕುಣಿಗಲ್ ಇವು ಅದರ ಎಂಟು ವಿಧಾನಸಭಾ ಕ್ಷೇತ್ರಗಳು. ನನ್ನ ಆಕ್ಷೇಪ ಇರುವುದು ಗಡಿಗಳ ಬಗ್ಗೆಗಿಂತ ಹೆಚ್ಚಾಗಿ ಈ ಹೆಸರಿನ ಬಗ್ಗೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ನಾಲ್ಕೂ ಸೇರಿರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ರಾಮನಗರ ಮತ್ತು ಕನಕಪುರಗಳು 2007ರವರೆಗೆ ಗ್ರಾಮಾಂತರ ಜಿಲ್ಲೆಯಲ್ಲಿದ್ದುದು ನಿಜ. ಆದರೆ ಆ ವರ್ಷವೇ ರಾಮನಗರ ಪ್ರತ್ಯೇಕ ಜಿಲ್ಲೆಯಾಗಿ, 2009ರಲ್ಲಿ ಮೊದಲ ಮತದಾನ ನಡೆಯುವ ಹೊತ್ತಿಗೆ ಕ್ಷೇತ್ರದ ಹೆಸರು ಕ್ಷೇತ್ರದ ನೆಲಕ್ಕೆ ಹೊಂದದಂತಾಗಿತ್ತು. ಕನಕಪುರ ಎಂಬ ಹೆಸರನ್ನೇ ಮುಂದುವರಿಸಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ.

ಹೆಸರು ಹೋದರೂ ಹಳೆಯ ಪೈಪೋಟಿ ಉಳಿಯಿತು. 2009ರಲ್ಲಿ ಹೊಸ ಕ್ಷೇತ್ರದಿಂದ ಗೆದ್ದವರು ಕುಮಾರಸ್ವಾಮಿ. 2013ರ ಉಪಚುನಾವಣೆಯಿಂದ ಶಿವಕುಮಾರರ ಸಹೋದರ ಡಿ. ಕೆ. ಸುರೇಶ್ ಸತತವಾಗಿ ಗೆದ್ದರು. 2024ರಲ್ಲಿ ದೇವೇಗೌಡರ ಅಳಿಯ, ಹೃದ್ರೋಗ ತಜ್ಞ ಡಾ. ಸಿ. ಎನ್. ಮಂಜುನಾಥ್ ಅವರು ಬಿಜೆಪಿಯಿಂದ ನಿಂತು ಸುರೇಶರನ್ನು ಸೋಲಿಸಿದರು.

ತಾಯಿಗೆ ಆಮೇಲೆ ಹೊಸ ಗುರುತಿನ ಚೀಟಿ ಬಂತು, ಅದರಲ್ಲಿ ಕನಕಪುರ ವಿಧಾನಸಭಾ ಕ್ಷೇತ್ರವೆಂದಿದೆ. ಮತಗಟ್ಟೆ ಮಾತ್ರ ಬದಲಾಗಿಲ್ಲ, ಅದೇ ಸರ್ಕಾರಿ ಶಾಲೆಯ ಅದೇ ಎಡಗಡೆಯ ಕೋಣೆ. ಕಳೆದ ಚುನಾವಣೆಯ ದಿನ ಅವರು ಎರಡೂ ಚೀಟಿಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟರು. ಹಳೆಯದು ಏಕೆಂದು ಕೇಳಿದೆ. "ಇರಲಿ ಬಿಡಪ್ಪ, ಅದ್ರಲ್ಲಿ ನಮ್ಮ ಸಾತನೂರು ಅಂತ ಇದೆ" ಎಂದರು.